ಗಾಳಿಕಿಂಡಿಗೆ ಇಟ್ಟ ಹತ್ತಿ

ನಮ್ಮ ಮನೆಯವರು ಆ ಕೆಂಪು ಕಾರನ್ನು ಗೋವಾದಿಂದ ಓಡಿಸಿಕೊಂಡು ಬಂದ ದಿನ ನಮ್ಮ ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದವರು ಹಾಗೇ ನಿಂತುಬಿಟ್ಟರು. ಒಂದು ಸುತ್ತು ಹಾಕಿ ನೋಡಿ, "ಇದರಾಗ ಉಳದಾವ್ರು ಎಲ್ಲಿ ಕುಂದರಬೇಕೋ?" ಎಂದು ಮಗನನ್ನು ಕೇಳಿದರು. ಇದ್ದದ್ದೇ ಎರಡು ಸೀಟು. ಹಿಂದೆ ಡಿಕ್ಕಿ ಎಂಬ ಹೆಸರಿನ ಒಂದು ಗೂಡು. ಹತ್ತಿ ವ್ಯಾಪಾರದ ಮನೆಗೆ ಒಂದು ಚೀಲ ಹತ್ತಿಕಾಳೂ ಹಿಡಿಸದ ಗಾಡಿ ಬಂದಿತ್ತು. ಹುಬ್ಬಳ್ಳಿಯ ನಮ್ಮ ಅಡತಿ ಅಂಗಡಿಯ ಮಂದಿ ಬಂದು ನೋಡಿ ಬಾಯಿಗೆ ಟವೆಲ್ಲು ಅಡ್ಡ ಹಿಡಿದು ನಕ್ಕು ಹೋದರು. ಯಾರದೋ ಕೈಯಲ್ಲಿ ಆಗಲೇ ಬಹಳ ವರ್ಷ ಓಡಿದ್ದ ಸ್ಪೋರ್ಟ್ಸ್ ಕಾರು ಅದು. ನಮ್ಮವರು ಮಾತ್ರ ಅದನ್ನು ಹೊಸ ಸೊಸೆಯನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ನಾನು ಹೊಸ ಸೊಸೆಯಾಗಿ ಬಂದಾಗ ಅವರು ನನ್ನನ್ನು ಅಷ್ಟು ನೋಡಿಕೊಂಡ ನೆನಪಿಲ್ಲ.

ನಾವು ಇರುವುದು ಧಾರವಾಡದಲ್ಲಿ. ನಾನು ಇಲ್ಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವರ ಹೊಲ ಇರುವುದು ಹುಬ್ಬಳ್ಳಿಯ ಆಚೆ, ಸುಳ್ಳದಲ್ಲಿ. ಪ್ರತಿ ರವಿವಾರ ಮುಂಜಾನೆ ಇಬ್ಬರೂ ಆ ಗಾಡಿಯಲ್ಲಿ ಹೊರಟು, ಹೊಲ ನೋಡಿ, ಬದುವಿನ ಮೇಲೆ ಬುತ್ತಿ ಬಿಚ್ಚಿ ಉಂಡು ತಿರುಗಿ ಬರುವುದು ನಮ್ಮ ಪದ್ಧತಿ. ಹೊಲ ನೋಡುವುದು ನೆಪ. ಖರೇ ಕೆಲಸವೆಂದರೆ ಅವರು ಸಂಗೀತ ಕೇಳುವುದು. ಧಾರವಾಡದ ಗಂಡಸರಿಗೆ ಈ ಒಂದು ಚಟ ಇದ್ದರೆ ಅದನ್ನು ಚಟ ಎನ್ನುವ ಹಾಗಿಲ್ಲ, ಸಂಸ್ಕಾರ ಎನ್ನಬೇಕು. ಆ ಗಾಡಿಯೊಳಗೆ ಅವರದೇ ಕಾಯಿದೆ. ತಂಬೂರಿ ಸ್ವಚ್ಛ ಕೇಳಬೇಕು, ಹಾಗಾಗಿ ಗಾಜು ಪೂರ್ತಿ ಏರಿಸಬೇಕು. ಫ್ಯಾನಿನ ಸದ್ದು ನಡುವೆ ಬರುತ್ತದೆ, ಹಾಗಾಗಿ ಅದನ್ನೂ ಬಂದ್ ಮಾಡಬೇಕು. ಆಲಾಪ ನಡೆದಾಗ ಮಾತಾಡಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಶಾಲೆಯಲ್ಲಿ ನೂರು ಹುಡುಗಿಯರ ಬಾಯಿ ಮುಚ್ಚಿಸುತ್ತಿದ್ದ ನನ್ನ ಬಾಯಿಯನ್ನು ಅವರು ವಾರಕ್ಕೊಮ್ಮೆ ಒಂದು ಬೆರಳೆತ್ತಿ ಮುಚ್ಚಿಸುತ್ತಿದ್ದರು.

ಇನ್ನೊಂದು ಮಾತು ಹೇಳಬೇಕು. ನಮ್ಮವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಅವರ ಮನೆಯಲ್ಲಿ ಯಾವ ಗಂಡಸೂ ಹಾಗೆ ಕರೆಯುತ್ತಿರಲಿಲ್ಲ. "ಏ, ಇಲ್ಲಿ ಕೇಳು" ಎಂದರೆ ನಾನು. ಮಂದಿಯ ಮುಂದೆ "ಇಕಿ" ಎಂದರೂ ನಾನೇ. ಮದುವೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ ಹೆಂಡತಿಯ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದಾಗ, ಯಾರೋ ಕಲಿಸಿಕೊಟ್ಟ ನಾಲ್ಕು ಸಾಲು ಗಡಬಡಿಸಿ ಒದರಿ ನನ್ನ ಹೆಸರು ಹೇಳಿದ್ದರು. ಅದೇ ಮೊದಲು, ಅದೇ ಕೊನೆ. ನನಗೂ ಅದೇನು ಕೊರತೆ ಅನ್ನಿಸಿರಲಿಲ್ಲ.

ಹೋದ ವರ್ಷದಿಂದ ಅವರಲ್ಲಿ ಏನೋ ಏರುಪೇರು ಶುರುವಾಯಿತು. ರವಿವಾರ ಸುಳ್ಳದಿಂದ ಬಂದವರೇ ತಲೆ ಭಾರ ಎಂದು ಮಲಗಿಬಿಡುವುದು. ಮಾತು ನಡುವೆ ನಿಲ್ಲುವುದು. ಬೀಗದ ಕೈಯನ್ನು ಕೈಯಲ್ಲೇ ಹಿಡಿದು ಮನೆಯೆಲ್ಲ ಹುಡುಕುವುದು. ಮಂಗಳವಾರದ ಹೊತ್ತಿಗೆ ಮತ್ತೆ ಮೊದಲಿನ ಹಾಗೆ. ವಯಸ್ಸಾಯಿತು ಎಂದು ನಾನು ಚಾಷ್ಟಿ ಮಾಡಿ ನಗುತ್ತಿದ್ದೆ. ಒಂದು ರವಿವಾರ ಹುಬ್ಬಳ್ಳಿಯ ಕೇಶ್ವಾಪುರ ದಾಟಿದ ಮೇಲೆ, ಸುಳ್ಳದ ದಾರಿಗೆ ತಿರುಗಬೇಕಾದ ಕಡೆ ಗಾಡಿ ನಿಲ್ಲಿಸಿ ನನ್ನ ಕಡೆ ನೋಡಿದರು.

"ನಾವು ಎಲ್ಲಿಗೆ ಹೊಂಟೇವಿ?" ಎಂದರು.

ಹುಟ್ಟಿದಾಗಿನಿಂದ ನಡೆದಾಡಿದ ದಾರಿ ಅದು. ನನ್ನ ಚಾಷ್ಟಿ ಅಲ್ಲಿಗೆ ನಿಂತಿತು. ಯಾಕೆಂದರೆ ನಮ್ಮ ಅತ್ತೆಯವರದೂ ಹೀಗೇ ಶುರುವಾಗಿತ್ತು. ಮೊದಲು ಓಣಿಗಳ ಹೆಸರು ಮರೆತರು, ಆಮೇಲೆ ಮಂದಿಯ ಹೆಸರು. ಕಡೆಗೆ ಸ್ವಂತ ಮಗ ಎದುರು ಬಂದು ಕುಳಿತರೆ, "ಯಾರಪಾ ನೀ? ಊಟಾ ಮಾಡಿಕೊಂಡು ಹೋಗು" ಎನ್ನುತ್ತಿದ್ದರು. ನಮ್ಮವರು ಏನೂ ಹೇಳದೆ ಕೈ ತೊಳೆದುಕೊಂಡು ಬಂದು ಬೀಗರ ಹಾಗೆ ಉಂಡು ಏಳುತ್ತಿದ್ದರು. ಅದನ್ನು ಕಣ್ಣಾರೆ ನೋಡಿದವಳು ನಾನು. ಆ ತಿರುವಿನಲ್ಲಿ ನಾನು ಇಳಿದು, ಅವರ ಬಾಗಿಲಿಗೆ ಬಂದು, "ಸರೀರಿ, ನಾ ನಡಸ್ತೇನಿ" ಎಂದೆ. ಅವರು ತಕರಾರು ಮಾಡದೆ ಎಡಗಡೆಯ ಸೀಟಿಗೆ ಹೋದರು. ತಕರಾರು ಮಾಡಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅಲ್ಲಿಂದ ಮುಂದೆ ಗಾಡಿ ನಾನೇ ನಡೆಸಿದೆ. ಅವರ ಕಾಯಿದೆ ಮಾತ್ರ ಬದಲಾಗಲಿಲ್ಲ. ಗಾಜು ಮೇಲೆ, ಫ್ಯಾನು ಬಂದ್, ತಂಬೂರಿ ಚಾಲೂ. ನನಗೂ ಸಣ್ಣಗೆ ತಲೆನೋವು ಬರುತ್ತಿತ್ತು. ಅದನ್ನು ನಾನು ಸಂಗೀತದ ಖಾತೆಗೆ ಹಾಕಿ ಸುಮ್ಮನಾಗುತ್ತಿದ್ದೆ. ಸೀಟು ಬದಲಾದ ಮೇಲೆ ಅವರದು ಇನ್ನೂ ಹೆಚ್ಚಾಯಿತು. ಹುಬ್ಬಳ್ಳಿ ಬರುವುದರೊಳಗೆ ತೂಕಡಿಕೆ, ಎಬ್ಬಿಸಿದರೆ ಮಂಕು ಹಿಡಿದವರ ಹಾಗೆ ನೋಡುವುದು. ರೋಗ ಬಲಿಯುತ್ತಿದೆ ಎಂದು ನಾನು ಮನಸ್ಸಿನಲ್ಲಿ ಲೆಕ್ಕ ಹಾಕತೊಡಗಿದೆ. ಅಡುಗೆ ಮನೆಯಲ್ಲಿ ನಿಂತು ಸುಮ್ಮನೆ ಅತ್ತದ್ದೂ ಉಂಟು.

ಕಡೆಗೆ ಸತ್ತೂರಿನ ದವಾಖಾನೆಯಲ್ಲಿ ಒಬ್ಬ ಡಾಕ್ಟರ್ ಹತ್ತಿರ ತೋರಿಸಿದೆವು. ಆ ದಿನ ಹುಬ್ಬಳ್ಳಿಯ ಅಂಗಡಿಗೆ ಹೋಗಿ, ಅಲ್ಲಿಂದ ಟ್ರಾಫಿಕ್ಕಿನಲ್ಲಿ ನಿಂತು ನಿಂತು ನಮ್ಮ ಗಾಡಿಯಲ್ಲೇ ಸತ್ತೂರಿಗೆ ಬಂದಿದ್ದೆವು. ನಮ್ಮ ಪಾಳಿ ಲಗೂ ಬಂತು. ಡಾಕ್ಟರು ಸಮಾಧಾನದ ಮನುಷ್ಯ. ಇವತ್ತು ಯಾವ ವಾರ, ಮುಂಜಾನೆ ನಾಷ್ಟಾ ಏನು ಮಾಡಿದಿರಿ ಎಂದು ಕೇಳಿದರು. ನಮ್ಮವರು ವಾರ ತಪ್ಪಿ ಹೇಳಿದರು. ನಾಷ್ಟಾ ನೆನಪಾಗಲಿಲ್ಲ.

"ಇವರು ಯಾರ್ರಿ?" ಎಂದು ಡಾಕ್ಟರು ನನ್ನ ಕಡೆ ಕೈ ಮಾಡಿದರು.

"ನಮ್ಮ ಮನಿಯವ್ರು."

"ಹೆಸರು ಹೇಳ್ರಿ."

ಅವರು ಹೇಳಲಿಲ್ಲ. ನನ್ನ ಮುಖ ನೋಡಿದರು, ನೆಲ ನೋಡಿದರು, ಮತ್ತೆ ನನ್ನ ಮುಖ ನೋಡಿದರು. "ನಮ್ಮ ಮನ್ಯಾಗ ಹೆಸರ ಹೇಳೂ ಪದ್ಧತಿ ಇಲ್ರಿ" ಎಂದು ನಾನೇ ನಡುವೆ ಬಾಯಿ ಹಾಕಿದೆ. ಡಾಕ್ಟರು ನಕ್ಕು ಅಷ್ಟಕ್ಕೇ ಬಿಟ್ಟರು. ನಾನು ನಗಲಿಲ್ಲ. ಅದು ಪದ್ಧತಿಯೋ ಮರೆವೋ ಎಂದು ಕೇಳುವ ಧೈರ್ಯ ನನಗೆ ಮನೆಗೆ ಬಂದ ಮೇಲೂ ಆಗಲಿಲ್ಲ. ತಲೆಯ ಸ್ಕ್ಯಾನ್ ಮಾಡಿಸಿದೆವು. ಅದರಲ್ಲಿ ಏನೂ ಇಲ್ಲ, ಮತ್ತೊಮ್ಮೆ ಬಂದು ತೋರಿಸಿ ಎಂದರು. ಏನೂ ಇಲ್ಲ ಎಂದರೆ ಖುಷಿಪಡಬೇಕಲ್ಲ, ನನಗೆ ಆಗಲಿಲ್ಲ. ಅತ್ತೆಯವರಿಗೂ ಮೊದಲ ಸಲ ಹಾಗೇ ಹೇಳಿದ್ದರು.

ಅಷ್ಟರಲ್ಲಿ ಮಳೆಗಾಲ ಬಂತು. ಒಂದು ದಿನ ಡಿಕ್ಕಿ ತೆಗೆದರೆ ಒಳಗಿನ ಕಾರ್ಪೆಟ್ಟು ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಲಕಮನಹಳ್ಳಿಯಲ್ಲಿ ಇಂಥ ಹಳೆಯ ಗಾಡಿಗಳನ್ನು ಮುಟ್ಟುವ ಒಬ್ಬ ಮಿಸ್ತ್ರಿ ಇದ್ದಾರೆ. ನಮ್ಮವರ ವಾರಿಗೆಯವರು, ಬಾಯಿ ಜೋರು. "ನೀರು ಎಲ್ಲಿಂದ ಬರ್ತೈತಿ ಅಂತ ಹುಡುಕಬೇಕು, ಬಿಟ್ಟು ಹೋಗ್ರಿ" ಎಂದರು. ಬಿಟ್ಟು ಬಂದೆವು.

ಹೀಗಾಗಿ ಎರಡನೆಯ ಸಲ ಸತ್ತೂರಿಗೆ ಹೋಗುವಾಗ ನಮಗೆ ಗಾಡಿ ಇರಲಿಲ್ಲ. ಬಸ್ಸಿನಲ್ಲಿ ಹೋದೆವು. ಬಸ್ಸಿನಲ್ಲಿ ನಮ್ಮವರು ಚಿಲ್ಲರೆಗಾಗಿ ಕಂಡಕ್ಟರನ ಜೊತೆ ವಾದ ಮಾಡಿ ಗೆದ್ದರು. ದವಾಖಾನೆಯಲ್ಲಿ ವಾರ, ತಾರೀಖು, ನಾಷ್ಟಾಕ್ಕೆ ಮಾಡಿದ್ದ ಸೂಸ್ಲಾ, ಅದರಲ್ಲಿ ಉಪ್ಪು ಕಮ್ಮಿ ಇದ್ದದ್ದು ಎಲ್ಲವನ್ನೂ ಕೇಳುವ ಮೊದಲೇ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿ, "ಹೋದ ಸಲ ಬಂದಾವ್ರು ಇವರs ಏನ್ರಿ?" ಎಂದರು. ಉಪ್ಪಿನ ಮಾತಿಗೆ ನಾನು ಮನೆಗೆ ಹೋದ ಮೇಲೆ ಉತ್ತರ ಕೊಡುವವಳಿದ್ದೆ. ಆದರೆ ಒಳಗೊಳಗೆ ಗೊಂದಲ. ಆ ವಾರವೆಲ್ಲ ಅವರು ಚೆನ್ನಾಗಿದ್ದರು. ಯಾಕೆ ಚೆನ್ನಾಗಿದ್ದಾರೆ ಎಂಬುದು ತಿಳಿಯದೆ ಇದ್ದರೆ ಆ ಚೆನ್ನಾಗಿರುವುದನ್ನು ನಂಬುವುದಕ್ಕೂ ಆಗುವುದಿಲ್ಲ.

ಅಲ್ಲಿಂದ ಹಾಗೇ ಲಕಮನಹಳ್ಳಿಗೆ ಹೋದೆವು. ಗಾಡಿಯ ಹಿಂದಿನ ಬಂಪರ್ ಬಿಚ್ಚಿ ನೆಲದ ಮೇಲೆ ಇಟ್ಟಿದ್ದರು. ನಮ್ಮವರು ಬಾಗಿಲ ಬಳಿಯ ಬೆಂಚಿನ ಮೇಲೆ ಚಹಾ ಹಿಡಿದು ಕೂತರು. ಮಿಸ್ತ್ರಿ ನನ್ನನ್ನು ಹಿಂದಕ್ಕೆ ಕರೆದರು.

"ಅಕ್ಕಾರ, ಇಲ್ಲಿ ನೋಡ್ರಿ."

ಬಂಪರಿನ ಮರೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಅಂಗೈ ಅಗಲದ ಪ್ಲಾಸ್ಟಿಕ್ ಚೌಕಟ್ಟು. ಅದರಲ್ಲಿ ತೆಳುವಾದ ರಬ್ಬರಿನ ಪದರುಗಳು ಒಂದರ ಕೆಳಗೊಂದು ತೂಗುಬಿದ್ದಿದ್ದವು.

"ಇದು ಗಾಡಿ ಉಸರ ಬಿಡೂ ಕಿಂಡಿರಿ. ಒಳಗಿನ ಗಾಳಿ ಈ ರಬ್ಬರ್ ಎತ್ತಿಕೊಂಡು ಹೊರಗ ಹೋಗಬೇಕು. ಹೊರಗಿಂದು ಬರಾಕ ಹತ್ತಿದ್ರ ರಬ್ಬರ್ ಬಡದು ಮುಚ್ಚಬೇಕು. ಇವು ಹಳೇವಾಗಿ ಒಣಗಿದ ಹಪ್ಪಳ ಆಗ್ಯಾವು. ಅದಿರ್ಲಿ, ಇವು ಮುಚ್ಚಬಾರ್ದು ಅಂತ ಇವುಗಳ ಕೆಳಗ ಹತ್ತಿ ಇಟ್ಟಾವ್ರು ಯಾರ್ರಿ?"

ಬೆರಳು ಹಾಕಿ ಒಂದು ಉಂಡೆ ಎಳೆದು ನನ್ನ ಕೈಗೆ ಕೊಟ್ಟರು. ಹತ್ತಿಯೇ. ಆದರೆ ರಾತ್ರಿಯಿಡೀ ಉರಿದ ಬತ್ತಿಯಷ್ಟು ಕಪ್ಪು. ಬಲಗಡೆಯದು ಬೂದು ಬಣ್ಣಕ್ಕೆ ತಿರುಗಿತ್ತು. ಎಡಗಡೆಯದು ಪೂರ್ತಿ ಮಸಿ. ಸೈಲೆನ್ಸರಿನ ಬಾಯಿ ಎಡಗಡೆಗೇ ಇತ್ತು, ಆ ಕಿಂಡಿಯ ಕೆಳಗೇ.

ನಾನು ಆ ಮಸಿ ಹತ್ತಿಯನ್ನು ಹಿಡಿದು ನಿಂತೆ. ಹತ್ತಿ ಕಪ್ಪಾಗಿದೆ ಎಂದರೆ ಹೊಗೆ ಅದನ್ನು ಹಾದು ಹೋಗಿದೆ. ಹೊಗೆ ಹಾದದ್ದು ಎಲ್ಲಿಗೆ? ಗಾಡಿಯ ಒಳಕ್ಕೆ. ಗಾಜು ಮೇಲೆ, ಫ್ಯಾನು ಬಂದ್. ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಇದ್ದಿಲ ಶಗಡಿ ಇಡಬಾರದು, ಕಣ್ಣಿಗೆ ಕಾಣದ ಮೂಗಿಗೆ ತಿಳಿಯದ ಗಾಳಿಯೊಂದು ರಕ್ತಕ್ಕೆ ಸೇರಿ ಮೊದಲು ತಲೆ ಭಾರ ಮಾಡುತ್ತದೆ, ಆಮೇಲೆ ಮಂಪರು, ಆಮೇಲೆ ಮರೆವು ಎಂದು ವರ್ಷ ವರ್ಷವೂ ಹುಡುಗಿಯರಿಗೆ ಪಾಠ ಹೇಳಿದವಳು ನಾನು. ರವಿವಾರ ಕೆಡುವುದು, ಮಂಗಳವಾರಕ್ಕೆ ಸರಿಯಾಗುವುದು. ಎಡಗಡೆಯ ಸೀಟಿಗೆ ಹೋದ ಮೇಲೆ ಹೆಚ್ಚಾದದ್ದು. ಗಾಡಿಯಲ್ಲಿ ಹೋದ ದಿನ ಡಾಕ್ಟರ ಮುಂದೆ ಬಾಯಿ ಬರದೆ ಇದ್ದದ್ದು, ಬಸ್ಸಿನಲ್ಲಿ ಹೋದ ದಿನ ಉಪ್ಪು ಕಮ್ಮಿ ಎಂದದ್ದು. ಎಲ್ಲ ಒಮ್ಮೆಲೇ ಬಂದು ನನ್ನ ಮುಂದೆ ಸಾಲಾಗಿ ನಿಂತವು.

"ರೀ, ಇಲ್ಲಿ ಬರ್ರಿ" ಎಂದೆ. ನನ್ನ ದನಿ ಶಾಲೆಯ ದನಿಯಾಗಿತ್ತು. ಅವರು ಚಹಾ ಕೆಳಗಿಟ್ಟು ಬಂದರು. ಹತ್ತಿ ತೋರಿಸಿದೆ.

"ಇದು ನಂದs" ಎಂದರು, ಕಳೆದುಹೋದ ವಸ್ತು ಸಿಕ್ಕವರ ಹಾಗೆ.

"ಯಾಕ ಇಟ್ಟಿದ್ರಿ?"

"ಹಿಂದಿಂದ ಟಪ್ ಟಪ್ ಅಂತ ಬಡೀತಿತ್ತು. ಸಾವಕಾಶ ವಿಲಂಬಿತ್ ನಡದಿರ್ತೈತಿ, ಅದು ತನ್ನ ಪಾಡಿಗೆ ಲಗೂ ಲಗೂ ದ್ರುತ್ ಹಾಕತಿತ್ತು. ತಾಳದ ಸಮ್ ಬರೂದರಾಗ ತಾನs ಒಂದು ಸಮ್ ಕೊಡತಿತ್ತು. ಎಷ್ಟ ದಿನಾ ತಡಕೊಳ್ಳೂದು? ಹೋದ ದೀಪಾವಳಿ ಮುಂದ ಡಿಕ್ಕಿ ಒಳಗಿಂದ ಕೈ ಹಾಕಿ ಹತ್ತಿ ಇಟ್ಟೆ. ಛಲೋ ಉದ್ದೆಳಿ ಹತ್ತಿ ಅದು, ನಮ್ಮ ಅಂಗಡೀದು."

ಮಿಸ್ತ್ರಿ ಸ್ಪ್ಯಾನರು ಕೈಬಿಟ್ಟು ಸೊಂಟ ಹಿಡಿದು ನಕ್ಕರು. "ಸಾವ್ಕಾರ್ರ, ತಾಳ ತಪ್ಪತೈತಿ ಅಂತ ಗಾಡಿ ಉಸರs ಕಟ್ಟಿದಾವ್ರನ್ನ ನಾ ನೋಡಿಲ್ಲರೀಪಾ!"

ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ತಿಂಗಳು ನಾನು ಜೀವ ಕೈಯಲ್ಲಿ ಹಿಡಿದು ಬದುಕಿದ್ದೆ, ಈ ಮನುಷ್ಯ ಸಮ್ಮಿನ ಲೆಕ್ಕ ಹೇಳುತ್ತಿದ್ದರು. ಬಾಯಿ ತೆಗೆದೆ. ಬೈಗಳ ಬದಲು ಅಳು ಬಂತು. ಅಲ್ಲೇ ಟಾಯರಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮಂದಿ ನೋಡುತ್ತಾರೆ ಎಂಬುದನ್ನೂ ಮರೆತು ಅತ್ತುಬಿಟ್ಟೆ. ಇವರ ತಲೆ ಕೆಟ್ಟಿಲ್ಲ. ಗಾಡಿಯ ರಬ್ಬರು ಕೆಟ್ಟಿದೆ. ಅಷ್ಟೇ, ಅಷ್ಟೇ, ಎಂದು ನನಗೆ ನಾನೇ ಹೇಳಿಕೊಂಡೆ. ಮಿಸ್ತ್ರಿ ನಗು ನಿಲ್ಲಿಸಿ ನೀರು ತಂದುಕೊಟ್ಟರು. ನಮ್ಮವರಿಗೆ ಏನಾಯಿತು ಎಂಬುದು ನಾನು ಬಿಡಿಸಿ ಹೇಳಿದ ಮೇಲೆ ತಿಳಿಯಿತು.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಕೊಂಡು, "ಹಂಗಾದ್ರ ಇದs ಇರಬೇಕ್ರಿ. ಗಾಡಿ ಸರಿ ಆಗೂತನಕಾ ಅದರಾಗ ಕುಂದರಬ್ಯಾಡ್ರಿ. ಸರಿ ಆದ ಮ್ಯಾಲೆ ಹೆಂಗ ಇರ್ತಾರ ನೋಡಿ ಹೇಳ್ರಿ" ಎಂದರು. ಇರಬೇಕು ಎಂದರೆ ಹೌದು ಎಂದಲ್ಲ. ಆ ಒಂದು ಮಾತು ನನ್ನೊಳಗೆ ಸಣ್ಣ ಮುಳ್ಳಾಗಿ ಉಳಿಯಿತು.

ಗಾಡಿ ಸರಿಯಾಗುವುದು ಅಷ್ಟು ಸಸಾರವಾಗಿರಲಿಲ್ಲ. ಆ ರಬ್ಬರು ಇಲ್ಲಿ ಎಲ್ಲೂ ಸಿಗಲಿಲ್ಲ. ಮಿಸ್ತ್ರಿ ಮೊದಲು ಟ್ಯೂಬಿನ ರಬ್ಬರು ಕತ್ತರಿಸಿ ಕೂಡಿಸಿದರು. ಅದು ದಪ್ಪ, ಗಾಳಿಗೆ ಏಳಲೇ ಇಲ್ಲ. ಬಾಗಿಲು ಹಾಕಿದರೆ ಕಿವಿ ಗಪ್ ಎನ್ನುತ್ತಿತ್ತು, ಗಾಜಿನ ಮೇಲೆಲ್ಲ ಉಗಿ. ಒಳಗಿನ ಗಾಳಿಗೆ ಹೊರದಾರಿ ಇಲ್ಲದೆ ಹೋದರೆ ಅದೂ ಅಷ್ಟೇ ಕೆಟ್ಟದ್ದು. ಆಮೇಲೆ ಪ್ಲಾಸ್ಟಿಕ್ ಹಾಳೆ ಹಚ್ಚಿ ನೋಡಿದರು. ಅದು ಒಮ್ಮೆ ಎದ್ದರೆ ತಿರುಗಿ ಕೂಡಲಿಲ್ಲ. ಕಡೆಗೆ ನಮಗೆ ಗಾಡಿ ಮಾರಿದ್ದ ಗೋವಾದ ಮನುಷ್ಯನನ್ನೇ ನಮ್ಮವರು ಹುಡುಕಿ ಹಿಡಿದರು. ಆ ಮನುಷ್ಯನ ಪರಿಚಯದವರ ಕಡೆಯಿಂದ, ಬಹಳ ದಿನ ಕಾಯಿಸಿ, ಎರಡೂ ಕಿಂಡಿಗಳ ಹೊಸ ಚೌಕಟ್ಟುಗಳು ರಬ್ಬರಿನ ಸಮೇತ ಬಂದವು. ಸುತ್ತಲಿನ ಸ್ಪಂಜಿನ ಪಟ್ಟಿಯೂ ಹೊಸದು. ನೀರು ಒಳಗೆ ಇಳಿಯುತ್ತಿದ್ದುದು ಆ ಹಳೆಯ ಪಟ್ಟಿ ಪುಡಿಪುಡಿಯಾಗಿದ್ದರಿಂದಲೇ. ಹಳೆಯದನ್ನು ಕೆರೆದು ತೆಗೆದು, ತಗಡು ಒರೆಸಿ, ಹೊಸದನ್ನು ಕೂಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸೈಲೆನ್ಸರಿನ ಜೋಡಿನಲ್ಲಿದ್ದ ಸಣ್ಣ ಸೀಳಿಗೂ ಬೆಸುಗೆ ಹಾಕಿಸಿದೆ.

"ಈಗ ಖಾತ್ರಿ ಏನು?" ಎಂದು ಕೇಳಿದೆ.

"ನೀವ ಹೇಳ್ರಿ, ಸಾಲಿ ಕಲಿಸಿದಾವ್ರು" ಎಂದರು ಮಿಸ್ತ್ರಿ.

ಅವರ ಗ್ಯಾರೇಜಿನ ದೇವರ ಫೋಟೋದ ಮುಂದಿನಿಂದ ಒಂದು ಊದಿನಕಡ್ಡಿ ತಂದು ಹಚ್ಚಿದೆ. ನಮ್ಮವರು ಒಳಗೆ ಕೂತು ಫ್ಯಾನು ಹಾಕಿದರು. ಕಡ್ಡಿಯನ್ನು ಕಿಂಡಿಯ ಹತ್ತಿರ ಹಿಡಿದರೆ ಹೊಗೆ ಹೊರಗೆ ಹಾರಿ ಹೋಯಿತು. ಫ್ಯಾನು ಬಂದ್ ಮಾಡಿದರು. ರಬ್ಬರು ಮೆಲ್ಲಗೆ ಕೂತಿತು. ಹೊಗೆ ಅದರ ಮೇಲೆ ಹರಿದಾಡಿ ಒಳದಾರಿ ಕಾಣದೆ ಮೇಲಕ್ಕೆ ಹೋಯಿತು. ಎರಡನೆಯ ಕಿಂಡಿಗೂ ಹಾಗೇ ಹಿಡಿದು ನೋಡಿದೆ. ಆಮೇಲೆ ಸಮಾಧಾನವಾಗದೆ ಮೊದಲನೆಯದಕ್ಕೆ ಮತ್ತೊಮ್ಮೆ.

"ಅಕ್ಕಾರ, ಆರತಿ ಮಾಡೂದ ಒಂದ ಉಳದೈತ್ರಿ" ಎಂದರು ಮಿಸ್ತ್ರಿ.

ಅದರ ಮುಂದಿನ ರವಿವಾರ ಹೊರಟೆವು. ಗಾಡಿ ನಾನೇ ನಡೆಸಿದೆ. ಹೊಸ ಕಾಯಿದೆ ನನ್ನದು: ಫ್ಯಾನು ಚಾಲೂ ಇರಬೇಕು. ಅವರು ಮುಖ ಗಂಟು ಹಾಕಿ ಒಪ್ಪಿದರು. ಬಾಗಿಲು ಹಾಕಿದಾಗ ಹಿಂದಿನಿಂದ ಮೆತ್ತಗೆ ಒಂದು ಟಪ್ ಕೇಳಿಸಿತು. ಅವರು ತಿರುಗಿ ನೋಡಿದರು. "ಒಂದs ಪೆಟ್ಟು. ನಡೀತೈತಿ" ಎಂದರು.

ಸತ್ತೂರು ದಾಟಿತು, ಹುಬ್ಬಳ್ಳಿ ಬಂತು. ತಂಬೂರಿಯ ಜೊತೆ ಆಲಾಪ ಶುರುವಾಗಿತ್ತು. ಅವರು ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ಕೇಶ್ವಾಪುರದ ಹತ್ತಿರ ನಿಂತಿತು. ಆ ತಿರುವು ಎದುರಿಗೇ ಇತ್ತು. ಡಾಕ್ಟರ ಆ 'ಇರಬೇಕು' ಎಂಬ ಮಾತು ಒಳಗೆ ಚುಚ್ಚಿತು. ಹೊಗೆಯದೂ ಇರಬಹುದು, ಅತ್ತೆಯವರದೂ ಇರಬಹುದು. ಎರಡೂ ಇದ್ದರೆ?

"ರೀ" ಎಂದೆ. ಉತ್ತರವಿಲ್ಲ. "ರೀ, ಮಲಗಿದ್ರೇನು?"

ಅವರು ಕಣ್ಣು ತೆಗೆಯಲಿಲ್ಲ. ಒಂದು ಬೆರಳು ಮೇಲೆತ್ತಿದರು. "ಆಲಾಪದಾಗ ಮಾತಾಡಬ್ಯಾಡ. ಮುಂದ ಸುಳ್ಳದ ದಾರಿ ಬಂತು, ತಿರುಗಸು. ಅಲ್ಲಿ ತಗ್ಗು ಐತಿ, ಮೆಲ್ಲಕ."

ತಿರುಗಿಸಿದೆ. ತಗ್ಗು ಇತ್ತು. ಮೆಲ್ಲಗೆ ಇಳಿಸಿದೆ. ರಸ್ತೆಯ ಎರಡೂ ಕಡೆ ಹತ್ತಿ ಹೂ ಬಿಟ್ಟಿದ್ದು ಆಮೇಲೆ ನನ್ನ ಕಣ್ಣಿಗೆ ಬಿತ್ತು.

ಸ್ವಲ್ಪ ದೂರ ಹೋದ ಮೇಲೆ ಅವರು ಒಂದು ಕೆಲಸ ಮಾಡಿದರು. ಕೈ ಚಾಚಿ, ಆಲಾಪದ ನಡುವೆಯೇ, ಸಂಗೀತ ನಿಲ್ಲಿಸಿದರು. ಇಷ್ಟು ವರ್ಷಗಳಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಅವತ್ತ ಡಾಕ್ಟರು ನಿನ್ನ ಹೆಸರ ಕೇಳಿದ್ರಲ್ಲ" ಎಂದರು. "ಪದ್ಧತಿ ಇಲ್ಲ ಅಂತ ನೀ ಹೇಳಿದಿ. ಅದು ಪದ್ಧತಿ ಅಲ್ಲ. ಖರೇನ ನೆನಪಿಗೆ ಬರಲಿಲ್ಲ."

ನಾನು ಗಾಡಿ ಮೆಲ್ಲಗೆ ಮಾಡಿದೆ.

"ಅವ್ವನ ಗತಿ ಬಂತು ಅಂತ ತಿಳಕೊಂಡೆ. ನಿನಗ ಹೇಳಾಕ ಬಾಯಿ ಬರಲಿಲ್ಲ. ಅವತ್ತಿನಿಂದ ದಿನಾ ಮುಂಜಾನಿ ಎಚ್ಚರ ಆದ ಕೂಡ್ಲೆ, ಕಣ್ಣ ತಗಿಯೂ ಮೊದಲ, ಮನಸಿನ್ಯಾಗ ಒಮ್ಮೆ ನಿನ್ನ ಹೆಸರ ಹೇಳ್ಕೋತೇನಿ. ಐತೋ ಹೋತೋ ನೋಡಾಕ. ಬಂತಂದ್ರ ಏಳ್ತೇನಿ." ಸ್ವಲ್ಪ ತಡೆದು ಹೇಳಿದರು, "ನಾಳಿಯಿಂದ ಬಿಡ್ತೇನಿ. ಇನ್ನೇನು ಕೆಲಸಿಲ್ಲ ಅದಕ್ಕ."

"ಬಿಡಬ್ಯಾಡ್ರಿ" ಎಂದೆ. ಆಮೇಲೆ, ಎಲ್ಲಿಂದ ಧೈರ್ಯ ಬಂತೋ, "ಒಮ್ಮೆ ಬಾಯಿ ಬಿಟ್ಟು ಹೇಳ್ರಿ" ಎಂದೆ.

ಅವರು ಅತ್ತ ಇತ್ತ ನೋಡಿದರು. ಎರಡೇ ಸೀಟಿನ ಗಾಡಿ, ನೋಡಲಿಕ್ಕೆ ಬೇರೆ ಯಾರಿದ್ದರು? ಕೆಮ್ಮಿದರು. ಒಡಪು ಹಾಕಲಿಲ್ಲ, ಗಡಬಡಿಸಲಿಲ್ಲ. ನನ್ನ ಹೆಸರು ಹೇಳಿದರು.

ನನಗೆ ರಸ್ತೆ ಮಸಕಾಯಿತು. ಗಾಜಿನ ಮೇಲೆ ಉಗಿ ಏನೂ ಇರಲಿಲ್ಲ. ಅವರು ಸಂಗೀತವನ್ನು ಮೊದಲಿನಿಂದ ಹಚ್ಚಿ, ಬೆರಳೆತ್ತಿ ತೋರಿಸಿ, ಕಣ್ಣು ಮುಚ್ಚಿಕೊಂಡರು. ಹೊಲ ಬರುವವರೆಗೆ ನಾನು ಮಾತಾಡಲಿಲ್ಲ.